ಗಜನಿಯ ಬಾಗಿಲು ಯಾರ ಕೈಯಲ್ಲಿ?

ಕಾರವಾರದ ಕಾಳಿ, ಅಂಕೋಲೆಯ ಗಂಗಾವಳಿ, ಅದರಾಚೆ ಕುಮಟೆಯ ಅಘನಾಶಿನಿ. ಈ ಹೊಳೆಗಳ ಅಳಿವೆಯ ಆಸುಪಾಸಿನಲ್ಲಿ ಉಬ್ಬರದ ನೀರು ನುಗ್ಗುವ ತಗ್ಗು ಗದ್ದೆಗಳಿವೆ. ಊರವರಿಗೆ ಅವು ಗಜನಿ. ಸುತ್ತ ಒಡ್ಡು, ಒಡ್ಡಿನಲ್ಲೊಂದು ಹಲಗೆಯ ಬಾಗಿಲು. ಅದನ್ನು ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು ಎಂಬುದರಲ್ಲೇ ಇಲ್ಲಿನ ಬೇಸಾಯ ಅಡಗಿದೆ.

ಮುಂಗಾರಿನ ಮೊದಲ ಮಳೆಗೆ ಮಣ್ಣಿನ ಉಪ್ಪು ತೊಳೆದು ಹೋಗಬೇಕು. ಆಮೇಲೆ ಮೊಳಕೆ ಬರಿಸಿದ ಕಗ್ಗದ ಬೀಜವನ್ನು ಕೆಸರಿಗೆ ಎರಚುತ್ತಾರೆ. ಕಗ್ಗ ಎತ್ತರಕ್ಕೆ ಬೆಳೆಯುವ ಭತ್ತ. ಉಪ್ಪುನೀರು ತಾಗಿದರೂ, ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಜಗ್ಗುವುದಿಲ್ಲ. ಗೊಬ್ಬರ ಬೇಡ, ಔಷಧಿ ಬೇಡ. ನೀರು ತಂದ ಹೂಳೇ ಸಾಕು. ಕೊಯ್ಲಿನಲ್ಲಿ ತೆನೆಯನ್ನಷ್ಟೇ ಕೊಯ್ದು ಹುಲ್ಲನ್ನು ಗದ್ದೆಯಲ್ಲೇ ಬಿಡುತ್ತಾರೆ. ಕಂಡವರಿಗೆ ಸೋಮಾರಿತನ ಅನಿಸೀತು, ಆದರೆ ಅದು ಪಕ್ಕಾ ಲೆಕ್ಕಾಚಾರ: ಕೊಳೆತ ಹುಲ್ಲು ಶೆಟ್ಲಿ (ಸಿಗಡಿ), ಮೀನುಗಳಿಗೆ ಮೇವು. ಕೊಯ್ಲಾದ ಮೇಲೆ ಬಾಗಿಲು ತೆರೆದರೆ ಉಬ್ಬರದ ಜೊತೆ ಮರಿಗಳು ತಾವಾಗಿಯೇ ಒಳಬರುತ್ತವೆ. ಇಳಿತದ ಹೊತ್ತಿಗೆ ಬಾಗಿಲಿಗೆ ಬಲೆ ಕಟ್ಟಿದರೆ ಮನೆಯ ಸಾರಿಗೂ ಆಯಿತು, ಪೇಟೆಗೂ ಆಯಿತು.

ಶೆಟ್ಲಿಗೆ ಪರದೇಶದ ಗಿರಾಕಿ ಸಿಕ್ಕಿದ್ದೇ ಈ ಹೊಂದಾಣಿಕೆ ಕೆಟ್ಟಿತು. ಗದ್ದೆಗಳು ಹೊಂಡಗಳಾದವು, ಮರಿಗಳನ್ನು ಹೊರಗಿನಿಂದ ತಂದು ಬಿಡಲಾಯಿತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ದೇಶದ ಕರಾವಳಿಯ ಎಷ್ಟೋ ಹೊಂಡಗಳು ಬರಿದಾದವು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದ ಸಿಗಡಿ ಹೊಂಡಗಳನ್ನು ಮುಚ್ಚಿಸಲು ಹೇಳಿತು. ಸಾಂಪ್ರದಾಯಿಕ ಪದ್ಧತಿಯವುಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು.

ಶೆಟ್ಲಿಗೆ ದರ ಹೆಚ್ಚು, ಅದಕ್ಕೇ ಭತ್ತ ಬಿಟ್ಟರು ಎನ್ನುವುದು ಅರ್ಧ ಸತ್ಯ. ದರಕ್ಕಿಂತ ದೊಡ್ಡ ತೊಡಕು ಬಾಗಿಲಿನದು. ಭತ್ತಕ್ಕೆ ಅದು ಮಳೆಗಾಲದಲ್ಲಿ ಮುಚ್ಚಿರಬೇಕು; ಶೆಟ್ಲಿಗಾಗಿ ಗಜನಿಯನ್ನು ಗುತ್ತಿಗೆಗೆ ಹಿಡಿದವನಿಗೆ ಉಪ್ಪುನೀರು ಆದಷ್ಟು ಹೆಚ್ಚು ಕಾಲ ಒಳಗಿದ್ದರೆ ಲಾಭ. ಇಬ್ಬರಿಗೂ ಬಾಗಿಲು ಒಂದೇ. ಗುತ್ತಿಗೆಯ ಹಣ ಕೈಸೇರಿದ ಮೇಲೆ ಗದ್ದೆಯ ಒಡೆಯನ ಮಾತು ಅಲ್ಲಿ ನಡೆಯುವುದು ಕಷ್ಟ. ಮನೆಗೆ ಪಡಿತರದ ಬಿಳಿ ಅಕ್ಕಿ ಬರುತ್ತಿರುವಾಗ ಕೆಂಪು ಕಗ್ಗಕ್ಕಾಗಿ ಜಗಳಕ್ಕೆ ನಿಲ್ಲುವವರಾದರೂ ಎಷ್ಟು ಮಂದಿ?

ಅತ್ತ ಪರದೇಶದ ದರ ನಮ್ಮ ಮಾತು ಕೇಳುವಂಥದ್ದಲ್ಲ. ಭಾರತದ ಸಿಗಡಿಗೆ ದೊಡ್ಡ ಗಿರಾಕಿ ಅಮೆರಿಕ. 2025ರ ಆಗಸ್ಟಿನಲ್ಲಿ ಆ ದೇಶ ನಮ್ಮ ಸರಕಿನ ಮೇಲೆ ಶೇ. 50ರ ಸುಂಕ ಹೇರಿದಾಗ ಸಿಗಡಿ ವ್ಯಾಪಾರಕ್ಕೆ ಜೋರು ಪೆಟ್ಟು ಬಿತ್ತು.

ಹಾಗಾದರೆ ಮತ್ತೆ ಕಗ್ಗ ಬಿತ್ತಬಹುದಲ್ಲ? ಒಬ್ಬನೇ ಬಿತ್ತಿದರೆ ನಡೆಯದು. ಒಡ್ಡಿನೊಳಗಿನ ನೀರು ಯಾರ ಗಡಿಯನ್ನೂ ಕೇಳುವುದಿಲ್ಲ, ಒಬ್ಬನ ಗದ್ದೆ ಬಸಿಯಬೇಕಾದರೆ ಎಲ್ಲರದ್ದೂ ಬಸಿಯಬೇಕು. ನೀರು ಬಸಿದು ಪೈರು ತೆನೆಗೆ ಬಂತೆನ್ನಿ, ಬಯಲಿನ ಹಕ್ಕಿಗಳೆಲ್ಲ ಆ ಒಂದೇ ಗದ್ದೆಗೆ ಇಳಿಯುತ್ತವೆ.