ಹದವನ್ನು ಅಂಕಿಯಾಗಿಸಿದ ಊರು: ಜ್ಯೂರಿಕ್ ಬಳಿಯ ಊಸ್ಟರ್

ನೂಲಿನ ಕೊಡುಕೊಳ್ಳುವಿಕೆಯಲ್ಲಿ ತೊಡಗಿರುವ ವರ್ತಕರಿಗೆ ‘ಊಸ್ಟರ್’ ಎಂಬ ಪದ ಅಪರಿಚಿತವಲ್ಲ. ಗಿರಣಿಯ ಪರೀಕ್ಷಾ ಕೊಠಡಿಯಲ್ಲಿ, ಖರೀದಿಯ ಕರಾರು ಪತ್ರದಲ್ಲಿ, ರಫ್ತಿನ ವಿವರಣಾ ಪಟ್ಟಿಯಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆದರೆ ಅದು ಯಂತ್ರದ ಹೆಸರಾಗುವುದಕ್ಕೆ ಮೊದಲು ಒಂದು ಊರಿನ ಹೆಸರಾಗಿತ್ತು ಎಂಬುದನ್ನು ಬಲ್ಲವರು ವಿರಳ. ಸ್ವಿಟ್ಜರ್ಲೆಂಡಿನ ಅತಿ ದೊಡ್ಡ ನಗರವಾದ ಜ್ಯೂರಿಕ್‌ನಿಂದ ಆಗ್ನೇಯಕ್ಕೆ ಸುಮಾರು 15 ಕಿ.ಮೀ. ದೂರದಲ್ಲಿರುವ ಈ ಪಟ್ಟಣ, ಘಟಪ್ರಭೆಯ ದಂಡೆಯ ಗೋಕಾಕದಂತೆಯೇ, ಇಳಿಯುವ ನೀರಿನ ಬಲದಿಂದ ಹತ್ತಿ ನೂತು ಬೆಳೆಯಿತು. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ಉದ್ಯಮಿಗಳು ವ್ಯಾಪಾರದ ನಿಮಿತ್ತ ಜ್ಯೂರಿಕ್‌ಗೆ ಹೋದಾಗ ಅರ್ಧ ದಿನವನ್ನು ಈ ಊರಿಗಾಗಿ ಮೀಸಲಿಡುವುದು ಸಾರ್ಥಕ.

ಕಾಲು ಗಂಟೆಯ ಪಯಣ

ಜ್ಯೂರಿಕ್ ಮುಖ್ಯ ನಿಲ್ದಾಣದಿಂದ ಉಪನಗರ ರೈಲು ಹಿಡಿದರೆ ಸುಮಾರು ಕಾಲು ಗಂಟೆಯಲ್ಲಿ ಊಸ್ಟರ್ ತಲುಪಬಹುದು. ಈ ಊರಿಗೆ ರೈಲು ಬಂದದ್ದು 1856ರಲ್ಲಿ. ಜನಸಂಖ್ಯೆ 35 ಸಾವಿರಕ್ಕೂ ಸ್ವಲ್ಪ ಹೆಚ್ಚು. ಜ್ಯೂರಿಕ್ ಪ್ರಾಂತ್ಯದಲ್ಲಿ ಜ್ಯೂರಿಕ್ ಮತ್ತು ವಿಂಟರ್‌ಥೂರ್ ನಗರಗಳ ನಂತರದ ಸ್ಥಾನ ಇದರದು. ನಮ್ಮ ಲೆಕ್ಕದಲ್ಲಿ ಇದು ಒಂದು ತಾಲ್ಲೂಕು ಕೇಂದ್ರಕ್ಕಿಂತ ದೊಡ್ಡದಲ್ಲ. ಗುಡ್ಡದ ಮೇಲೆ ಹಳೆಯ ಕೋಟೆಯ ಗೋಪುರ, ಪಕ್ಕದಲ್ಲಿ ಚರ್ಚು, ಕೆಳಗೆ ಪೇಟೆ, ಪಶ್ಚಿಮಕ್ಕೆ ಗ್ರೈಫನ್‌ಜೇ ಸರೋವರ. ಹಿಮಶಿಖರಗಳನ್ನು ಕಾಣಲು ಬಂದ ಪ್ರವಾಸಿಗರು ಇಲ್ಲಿ ಇಳಿಯುವುದು ಅಪರೂಪ. ಇಲ್ಲಿ ನೋಡಬೇಕಾದದ್ದು ಒಂದು ಹಳ್ಳವನ್ನು.

ಆ ಹಳ್ಳದ ಹೆಸರು ಆಬಾಖ್. ಮೇಲಿನ ಫೆಫಿಕರ್‌ಜೇ ಸರೋವರದಿಂದ ಹೊರಟು ಕೆಳಗಿನ ಗ್ರೈಫನ್‌ಜೇಗೆ ಸೇರುವಷ್ಟರಲ್ಲಿ ಅದು ಸುಮಾರು 100 ಮೀಟರ್ ಇಳಿಯುತ್ತದೆ. ಗೋಕಾಕದಲ್ಲಿ ಘಟಪ್ರಭೆ ಒಂದೇ ನೆಗೆತಕ್ಕೆ 52 ಮೀಟರ್ ಧುಮುಕುತ್ತದೆ. ಆಬಾಖ್ ಅಷ್ಟು ಒಮ್ಮೆಗೇ ಧುಮುಕದೆ ಹಲವು ಕಿ.ಮೀ. ಉದ್ದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರತಿಯೊಂದು ಮೆಟ್ಟಿಲಿಗೂ ಒಬ್ಬೊಬ್ಬ ಗಿರಣಿ ಮಾಲೀಕ ಒಂದು ಕೊಳ ಕಟ್ಟಿ, ಕಾಲುವೆ ತೋಡಿ, ನೀರಿನ ಚಕ್ರವನ್ನು ನಿಲ್ಲಿಸಿದನು. ಒಬ್ಬನ ಚಕ್ರವನ್ನು ತಿರುಗಿಸಿದ ನೀರು ಕೆಳಗಿನವನ ಕೊಳಕ್ಕೆ ಹರಿಯಿತು. ಈ ಸಣ್ಣ ಹಳ್ಳದ ದಂಡೆಯಲ್ಲಿ ಹುಟ್ಟಿದ ಸಂಪತ್ತನ್ನು ಕಂಡ ಜನ ಅದಕ್ಕೆ ‘ಲಕ್ಷಾಧೀಶರ ಹಳ್ಳ’ ಎಂಬ ಅರ್ಥ ಬರುವ ಅಡ್ಡಹೆಸರನ್ನೇ ಇಟ್ಟರು.

ಬೆಂಕಿಯ ಒಂದು ದಿನ

ಈ ಸಂಪತ್ತು ಸುಲಭವಾಗಿ ಬಂದದ್ದೆಂದು ಭಾವಿಸಬಾರದು. 1830ರ ನವೆಂಬರ್ 22ರಂದು ಸುಮಾರು ಹತ್ತು ಸಾವಿರ ಗ್ರಾಮೀಣ ಜನ ಊಸ್ಟರ್‌ನಲ್ಲಿ ಸಭೆ ಸೇರಿ, ಆಡಳಿತದಲ್ಲಿ ಹಳ್ಳಿಗಳಿಗೂ ಸಮಪಾಲು ಬೇಕೆಂದು ಒತ್ತಾಯಿಸಿದರು. ಆ ಸಭೆಯ ಫಲವಾಗಿ ಜ್ಯೂರಿಕ್ ಪ್ರಾಂತ್ಯಕ್ಕೆ ಹೊಸ ಸಂವಿಧಾನ ದೊರೆಯಿತು. ಅದೇ ಸಭೆಯಲ್ಲಿ ಕೈಮಗ್ಗದ ನೇಕಾರರದೂ ಒಂದು ಬೇಡಿಕೆಯಿತ್ತು: ನೇಯ್ಗೆಯ ಯಂತ್ರಗಳನ್ನು ನಿಷೇಧಿಸಬೇಕು. ಅದು ಈಡೇರಲಿಲ್ಲ. ಸರಿಯಾಗಿ ಎರಡು ವರ್ಷಗಳ ನಂತರ, 1832ರ ನವೆಂಬರ್ 22ರಂದು, ಸಿಟ್ಟಿಗೆದ್ದ ನೇಕಾರರು ಮೇಲಿನ ಊಸ್ಟರ್‌ನ ಯಂತ್ರಗಿರಣಿಯೊಂದಕ್ಕೆ ಬೆಂಕಿ ಹಚ್ಚಿದರು. ಮುಂದಾಳುಗಳಿಗೆ ದೀರ್ಘ ಕಾಲದ ಸೆರೆವಾಸವಾಯಿತು. ಯಂತ್ರಗಳು ನಿಲ್ಲಲಿಲ್ಲ.

ಮಗ್ಗದ ಸದ್ದು ಕೇಳಿ ಬೆಳೆದ ಬೆಳಗಾವಿ ಸೀಮೆಯ ಜನರಿಗೆ ಆ ನೇಕಾರರ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಅವರ ಭಯ ಸುಳ್ಳಾಗಿರಲಿಲ್ಲ. ಕೈಮಗ್ಗದ ಆದಾಯ ಯಂತ್ರದ ಮುಂದೆ ನಿಜವಾಗಿಯೂ ಉಳಿಯಲಿಲ್ಲ. ಮುಂದೆ, ಇಪ್ಪತ್ತನೆಯ ಶತಮಾನದಲ್ಲಿ, ಅದೇ ಗತಿ ಯಂತ್ರಗಿರಣಿಗಳಿಗೂ ಬಂತು. ಕೂಲಿ ದುಬಾರಿಯಾದ ದೇಶದಲ್ಲಿ ಹತ್ತಿ ನೂಲುವುದು ಗಿಟ್ಟದಾಯಿತು. ಆಬಾಖ್ ದಂಡೆಯ ಗಿರಣಿಗಳು ಒಂದೊಂದಾಗಿ ಕದ ಮುಚ್ಚಿದವು. ಆದರೂ ಊಸ್ಟರ್ ಎಂಬ ಹೆಸರು ನೂಲಿನ ಲೋಕದಿಂದ ಮರೆಯಾಗಲಿಲ್ಲ.

ದುರಸ್ತಿಯ ಅಂಗಡಿಯಿಂದ ಜಗತ್ತಿನ ಮಾನದಂಡಕ್ಕೆ

1875ರಲ್ಲಿ ಊಸ್ಟರ್‌ನಲ್ಲಿ ತಂತಿ ಉಪಕರಣಗಳ ಸಣ್ಣ ಕಾರ್ಯಾಗಾರವೊಂದು ಆರಂಭವಾಯಿತು. 1880ರಲ್ಲಿ ಅದು ಜೆಲ್‌ವೆಗರ್ ಎಂಬ ಉದ್ಯಮಿಯ ಕೈಗೆ ಬಂತು. ಸುತ್ತಲೂ ನೂಲುವ, ನೇಯುವ ಗಿರಣಿಗಳಿದ್ದುದರಿಂದ ಕಾರ್ಯಾಗಾರದ ಗಮನ ಸಹಜವಾಗಿ ಅವುಗಳ ಅಗತ್ಯಗಳತ್ತ ಹರಿಯಿತು. ಹಾಸಿನ ಎಳೆಗಳನ್ನು ಗಂಟಿಕ್ಕುವ ಯಂತ್ರಗಳು ಅಲ್ಲಿ ತಯಾರಾದವು. 1948ರಲ್ಲಿ ಆ ಸಂಸ್ಥೆ ನೂಲಿನ ಸಮತೆಯನ್ನು ಅಳೆಯುವ ವಿದ್ಯುನ್ಮಾನ ಉಪಕರಣವನ್ನು ಮಾರುಕಟ್ಟೆಗೆ ತಂದಿತು.

ಅದಕ್ಕೆ ಮೊದಲು ನೂಲಿನ ಗುಣವನ್ನು ನಿರ್ಣಯಿಸುತ್ತಿದ್ದುದು ಹೇಗೆ? ಕಪ್ಪು ಹಲಗೆಗೆ ನೂಲನ್ನು ಒತ್ತೊತ್ತಾಗಿ ಸುತ್ತಿ, ಬೆಳಕಿಗೆ ಹಿಡಿದು, ಅನುಭವಿಯಾದ ಮೇಸ್ತ್ರಿ ಕಣ್ಣಳತೆಯಿಂದ ತೀರ್ಪು ಹೇಳುತ್ತಿದ್ದನು. ಕೊಳ್ಳುವವನ ಕಣ್ಣು ಬೇರೆ, ಮಾರುವವನ ಕಣ್ಣು ಬೇರೆಯಾದಾಗ ವ್ಯಾಜ್ಯ ತಪ್ಪುತ್ತಿರಲಿಲ್ಲ. ಹೊಸ ಉಪಕರಣದಲ್ಲಿ ನೂಲು ಎರಡು ಲೋಹದ ಫಲಕಗಳ ನಡುವೆ ಹಾಯುತ್ತದೆ. ನೂಲು ದಪ್ಪವಾದಲ್ಲಿ, ತೆಳುವಾದಲ್ಲಿ ಫಲಕಗಳ ವಿದ್ಯುತ್ ಧಾರಣಶಕ್ತಿ ಬದಲಾಗುತ್ತದೆ. ಆ ಬದಲಾವಣೆಯೇ ಅಂಕಿಯಾಗಿ ದಾಖಲಾಗುತ್ತದೆ. ಎಷ್ಟು ದಪ್ಪ ಜಾಗ, ಎಷ್ಟು ತೆಳು ಜಾಗ, ಎಷ್ಟು ಗಂಟು ಎಂಬ ಎಣಿಕೆ ದೊರೆಯುತ್ತದೆ.

ಆದರೆ ಒಂದು ಅಂಕಿ ಒಳ್ಳೆಯದೋ ಕೆಟ್ಟದೋ ಎಂದು ತಿಳಿಯಲು ಹೋಲಿಕೆ ಬೇಕು. 1957ರಿಂದ ಸಂಸ್ಥೆ ನಾನಾ ದೇಶಗಳ ಗಿರಣಿಗಳ ನೂಲನ್ನು ಪರೀಕ್ಷಿಸಿ ‘ಊಸ್ಟರ್ ಅಂಕಿಅಂಶ’ಗಳನ್ನು ಪ್ರಕಟಿಸತೊಡಗಿತು. ಒಂದು ನೂಲು 50ರ ರೇಖೆಯಲ್ಲಿದ್ದರೆ ಜಗತ್ತಿನ ಅಂಥ ನೂಲಿನಲ್ಲಿ ಅರ್ಧದಷ್ಟು ಅದಕ್ಕೆ ಸಮ ಅಥವಾ ಮೇಲು ಎಂದರ್ಥ. 25ರ ರೇಖೆಯಲ್ಲಿದ್ದರೆ ಅದು ಮೇಲಿನ ಕಾಲುಭಾಗಕ್ಕೆ ಸೇರಿತು. ಈ ಪಟ್ಟಿ ಬಂದ ಮೇಲೆ, ಎಂದೂ ಮುಖ ನೋಡದ ಇಬ್ಬರು ವರ್ತಕರು ಎರಡು ಖಂಡಗಳಲ್ಲಿ ಕುಳಿತು ‘ಊಸ್ಟರ್ 25’ ಎಂಬ ಒಂದು ಮಾತಿನಲ್ಲಿ ವ್ಯವಹಾರ ಕುದುರಿಸುವುದು ಸಾಧ್ಯವಾಯಿತು. 2012ರಲ್ಲಿ ಈ ಉದ್ಯಮ ಜಪಾನಿನ ಟೊಯೋಟಾ ಇಂಡಸ್ಟ್ರೀಸ್ ಸಂಸ್ಥೆಯ ವಶವಾದರೂ ಕೇಂದ್ರ ಕಚೇರಿ ಊಸ್ಟರ್‌ನಲ್ಲಿಯೇ ಉಳಿದಿದೆ. ನೂಲು ಆ ಊರನ್ನು ಬಿಟ್ಟುಹೋಯಿತು. ನೂಲಿನ ಅಳತೆ ಉಳಿಯಿತು.

ಘಟಪ್ರಭೆಯ ದಂಡೆಯಲ್ಲಿ

ಗೋಕಾಕದ ಕಥೆ ಬೇರೆ ದಾರಿಯಲ್ಲಿ ಸಾಗಿತು. ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ 1885ರಲ್ಲಿ ಸ್ಥಾಪನೆಯಾಯಿತು. 1887ರಲ್ಲಿ ಜಲಪಾತದ ಬಲದಿಂದ ಗಿರಣಿ ತಿರುಗಿತು. ಬಂಡೆಗಳ ಮೇಲೆ 201 ಮೀಟರ್ ಉದ್ದದ ತೂಗುಸೇತುವೆ, ಗಿರಣಿಯ ಸುತ್ತ ಕಾರ್ಮಿಕರ ವಸತಿ, ಹೀಗೆ ಗೋಕಾಕ ಫಾಲ್ಸ್ ಎಂಬ ಊರೇ ಹುಟ್ಟಿಕೊಂಡಿತು. ಅಂದಿನ ದಿನಮಾನದಲ್ಲಿ ಇದು ಸಾಮಾನ್ಯ ಸಾಹಸವಲ್ಲ.

ಎರಡೂ ಊರುಗಳ ಭೇದವನ್ನು ಉದ್ಯಮಿಗಳು ಗಮನಿಸಬೇಕು. ಗೋಕಾಕದಲ್ಲಿ ನೀರು ಒಂದೇ ಕಡೆ ಬಿತ್ತು, ಒಂದೇ ದೊಡ್ಡ ಗಿರಣಿ ಬಂತು. ಊಸ್ಟರ್‌ನಲ್ಲಿ ನೀರು ಹಂತಹಂತವಾಗಿ ಇಳಿಯಿತು, ಹತ್ತಾರು ಮಾಲೀಕರು ಬಂದರು. ದೊಡ್ಡ ಗಿರಣಿ ತನ್ನ ದುರಸ್ತಿಯನ್ನು ತನ್ನ ಆವರಣದಲ್ಲಿಯೇ ಮಾಡಿಕೊಳ್ಳಬಲ್ಲದು. ಹಲವು ಸಣ್ಣ ಗಿರಣಿಗಳಿರುವಲ್ಲಿ ಹೊರಗಿನ ಕುಶಲ ಕಾರ್ಯಾಗಾರಕ್ಕೂ ಗಿರಾಕಿಗಳುಂಟು. ಒಂದೇ ಉದ್ಯಮವನ್ನು ನೆಚ್ಚಿದ ಊರಿಗೆ ಆ ಉದ್ಯಮದ ಏರಿಳಿತವೇ ಊರಿನ ಏರಿಳಿತ. ಇದು ಯಾರ ತಪ್ಪೂ ಅಲ್ಲ, ಭೂಮಿಯ ಇಳಿಜಾರಿನ ಫಲ. ಆದರೆ ಇಂದು ಘಟಪ್ರಭೆಯ ಸೀಮೆಯಲ್ಲಿರುವುದು ಒಂದೇ ಗಿರಣಿಯಲ್ಲ. ಕರದಂಟಿನ ಅಂಗಡಿಗಳು, ಬಣ್ಣದ ಗೊಂಬೆ ಹಾಗೂ ಹಣ್ಣು-ಕಾಯಿಗಳ ಪ್ರತಿಕೃತಿ ಮಾಡುವ ಕುಶಲಕರ್ಮಿಗಳ ಮನೆಗಳು, ಕಬ್ಬಿನ ಸೀಮೆಯ ಆಲೆಮನೆಗಳು, ಸಂಕೇಶ್ವರದ ಮೆಣಸಿನಕಾಯಿ ವಹಿವಾಟು, ಇವೆಲ್ಲ ಸಣ್ಣ ಸಣ್ಣ ಕೈಗಳಲ್ಲಿವೆ. ಆಬಾಖ್ ದಂಡೆಯಲ್ಲಿದ್ದಂಥ ಸ್ಥಿತಿ ಈಗ ಇಲ್ಲಿದೆ.

ಈ ಎಲ್ಲ ಕಸುಬುಗಳಲ್ಲಿ ಗುಣಮಟ್ಟಕ್ಕೆ ನಮ್ಮ ಹಿರಿಯರು ಇಟ್ಟ ಹೆಸರು ‘ಹದ’. ಬೆಲ್ಲದ ಪಾಕವನ್ನು ತಣ್ಣೀರಿಗೆ ಹನಿಸಿ, ಬೆರಳಲ್ಲಿ ಉರುಳಿಸಿ ಹದ ನೋಡುವ ಕೈ ಒಂದು ದೊಡ್ಡ ವಿದ್ಯೆ. ಅಂಟು ಕರಿಯುವಾಗ ಅದು ಅರಳುವ ಕ್ಷಣವನ್ನು ಬಲ್ಲ ಕಣ್ಣೂ ಹಾಗೆಯೇ. ಆದರೆ ಆ ಕೈ ಒಂದು ದಿನ ರಜೆ ಹಾಕಿದರೆ ಆ ದಿನದ ಮಾಲು ಬೇರೆಯಾಗುತ್ತದೆ. ಆ ಕೈ ಮುಪ್ಪಾದರೆ ಅಂಗಡಿಯ ಹೆಸರೇ ಅಪಾಯಕ್ಕೆ ಸಿಲುಕುತ್ತದೆ. ಊರಿನ ಗಿರಾಕಿ ಪರಿಚಯದ ಮೇಲೆ ಸಹಿಸಿಕೊಂಡಾನು. ಬೆಂಗಳೂರು, ಮುಂಬಯಿಗಳ ಅಂಗಡಿಕಾರ ಎರಡನೆಯ ಪೆಟ್ಟಿಗೆ ಮೊದಲನೆಯದರಂತಿಲ್ಲದಿದ್ದರೆ ಮೂರನೆಯದನ್ನು ತರಿಸುವುದಿಲ್ಲ. ಊಸ್ಟರ್‌ನ ಕಾರ್ಯಾಗಾರ ಮಾಡಿದ್ದಾದರೂ ಇಷ್ಟೇ: ಮೇಸ್ತ್ರಿಯ ಕಣ್ಣಿನಲ್ಲಿದ್ದ ಹದವನ್ನು ಎಲ್ಲರೂ ಓದಬಲ್ಲ ಅಂಕಿಯಾಗಿಸಿತು.

ಕೈಗೆಟಕುವ ಕೆಲಸ

ಇದಕ್ಕೆ ಕೋಟಿಗಟ್ಟಲೆ ಬಂಡವಾಳ ಬೇಕಾಗಿಲ್ಲ. ಪಾಕದ ಉಷ್ಣತೆಯನ್ನು ತೋರುವ ಉಷ್ಣಮಾಪಕ, ರಸದ ಸಕ್ಕರೆಯ ಅಂಶವನ್ನು ತೋರುವ ಬ್ರಿಕ್ಸ್ ಮಾಪಕ, ಬೆಲ್ಲದ ತೇವಾಂಶ ಪರೀಕ್ಷೆ, ಪ್ರತಿ ಪಾಕಕ್ಕೊಂದು ಸಂಖ್ಯೆ ಹಾಕಿ ಬರೆದಿಡುವ ಒಂದು ದಪ್ಪ ಪುಸ್ತಕ. ಆರು ತಿಂಗಳು ಹೀಗೆ ಬರೆದಿಟ್ಟವನಿಗೆ ತನ್ನ ಅತ್ಯುತ್ತಮ ಮಾಲು ಯಾವ ಉಷ್ಣತೆಯಲ್ಲಿ ಇಳಿಸಿದ್ದು ಎಂಬುದು ತಾನಾಗಿಯೇ ತಿಳಿಯುತ್ತದೆ. ಒಬ್ಬರಿಗೆ ಭಾರವಾಗುವ ಪರೀಕ್ಷೆಗಳಿಗೆ ಹತ್ತು ಜನ ಕೂಡಿ ಒಂದು ಪ್ರಯೋಗಾಲಯವನ್ನು ನಡೆಸಬಹುದು. ಕೂಡಿ ಕೆಲಸ ಮಾಡುವುದು ಈ ಭಾಗಕ್ಕೆ ಹೊಸದಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿದ್ದು ಇದೇ ನೆಲದಲ್ಲಿ.

ಗೊಂಬೆಗಳ ವಿಷಯದಲ್ಲಿ ಅಳತೆ ಇನ್ನೂ ಅಗತ್ಯ. 2021ರ ಜನವರಿ 1ರಿಂದ ಭಾರತದಲ್ಲಿ ಆಟಿಕೆಗಳಿಗೆ ಬಿಐಎಸ್ ಗುರುತು ಕಡ್ಡಾಯವಾಯಿತು. ನೋಂದಾಯಿತ ಕರಕುಶಲಕರ್ಮಿಗಳಿಗೆ ವಿನಾಯಿತಿ ದೊರೆತಿದ್ದರೂ, ಬಣ್ಣದಲ್ಲಿ ಸೀಸ ಎಷ್ಟಿದೆ ಎಂದು ಯೂರೋಪಿನ ಖರೀದಿದಾರ ಕೇಳದೆ ಬಿಡುವುದಿಲ್ಲ. ಉತ್ತರ ಅಂಕಿಯಲ್ಲಿರಬೇಕು.

ಈ ಮಾತು ಈಗ ಹೆಚ್ಚು ಪ್ರಸ್ತುತವಾಗಲು ಬೇರೊಂದು ಕಾರಣವೂ ಇದೆ. ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟನ್‌ಸ್ಟೈನ್ ದೇಶಗಳ ಇಎಫ್‌ಟಿಎ ಕೂಟದೊಂದಿಗೆ ಭಾರತ 2024ರ ಮಾರ್ಚ್ 10ರಂದು ಸಹಿ ಹಾಕಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂದಿತು. ಅದಕ್ಕೂ ಮೊದಲೇ, 2024ರ ಜನವರಿ 1ರಿಂದ, ಸ್ವಿಟ್ಜರ್ಲೆಂಡ್ ಕೈಗಾರಿಕಾ ವಸ್ತುಗಳ ಮೇಲಿನ ಆಮದು ಸುಂಕವನ್ನು ಎಲ್ಲ ದೇಶಗಳಿಗೂ ತೆಗೆದುಹಾಕಿತ್ತು. ಅಂದರೆ ಸುಂಕದ ಬಾಗಿಲು ನಮಗೆ ತೆರೆದಿರುವಂತೆ ಇತರರಿಗೂ ತೆರೆದಿದೆ. ಪೈಪೋಟಿ ನಡೆಯುವುದು ಗುಣಮಟ್ಟದಲ್ಲಿ. ಆಹಾರ ಪದಾರ್ಥಗಳ ಸುಂಕದ ಕ್ರಮ ಬೇರೆಯಾದುದರಿಂದ ಕರದಂಟು, ಬೆಲ್ಲಗಳನ್ನು ಕಳುಹಿಸುವವರು ಒಪ್ಪಂದದ ಪಟ್ಟಿಯನ್ನು ಮೊದಲೇ ಪರಿಶೀಲಿಸಬೇಕು.

ಹೋಗುವವರಿಗೆ ಕೆಲವು ಸೂಚನೆಗಳು

ಸ್ವಿಟ್ಜರ್ಲೆಂಡ್ 2008ರ ಡಿಸೆಂಬರಿನಿಂದ ಶೆಂಗೆನ್ ವ್ಯವಸ್ಥೆಯಲ್ಲಿರುವುದರಿಂದ ಶೆಂಗೆನ್ ವೀಸಾ ಸಾಕು. ಆದರೆ ನಾಣ್ಯ ಯೂರೋ ಅಲ್ಲ, ಸ್ವಿಸ್ ಫ್ರಾಂಕ್. ಭಾನುವಾರ ಅಂಗಡಿಗಳು ಸಾಮಾನ್ಯವಾಗಿ ಮುಚ್ಚಿರುತ್ತವೆ. ಕಾರ್ಖಾನೆಗೆ ಭೇಟಿ ನೀಡಬೇಕೆಂದಿದ್ದರೆ ವಾರಗಳ ಮೊದಲೇ ಬರೆದು ಅನುಮತಿ ಪಡೆಯಬೇಕು; ನಿಗದಿತ ವೇಳೆಗೆ ಹತ್ತು ನಿಮಿಷ ತಡವಾಗಿ ಹೋದವರ ಮಾಲೂ ತಡವಾಗಿ ಬರುವುದೆಂದು ಅಲ್ಲಿಯವರು ಎಣಿಸುತ್ತಾರೆ. ಊಸ್ಟರ್‌ನಿಂದ ಬೌಮಾ ಎಂಬ ಊರಿನವರೆಗೆ ಹಳೆಯ ಗಿರಣಿ, ಕೊಳ, ಕಾಲುವೆಗಳನ್ನು ಜೋಡಿಸುವ ಸುಮಾರು 30 ಕಿ.ಮೀ.ಗಳ ಕೈಗಾರಿಕಾ ಪಥವಿದೆ. ಊಸ್ಟರ್ ಸುತ್ತಲಿನ ಒಂದೆರಡು ಕಿ.ಮೀ. ನಡೆದರೂ ಸಾಕು. ಹಳೆಯ ಕಾರ್ಖಾನೆಯ ಆವರಣಗಳು ಮನೆಗಳಾಗಿ, ಉದ್ಯಾನಗಳಾಗಿ ಮಾರ್ಪಟ್ಟಿರುವುದನ್ನು ಕಾಣಬಹುದು. ಊರಿನ ಬೆಳವಣಿಗೆಯಲ್ಲಿ ಕೈಗಾರಿಕಾ ಪರಂಪರೆಯನ್ನು ಕಾಪಾಡಿಕೊಂಡ ರೀತಿಗಾಗಿ 2001ರಲ್ಲಿ ಊಸ್ಟರ್‌ಗೆ ಆ ದೇಶದ ಪ್ರತಿಷ್ಠಿತ ವಾಕರ್ ಪ್ರಶಸ್ತಿ ಸಂದಿದೆ. ಸಮಯವಿದ್ದರೆ ವಿಂಟರ್‌ಥೂರ್ ನಗರವನ್ನೂ ನೋಡಬಹುದು. ಭಾರತದ ಹತ್ತಿಯನ್ನು ಯೂರೋಪಿಗೆ ಸಾಗಿಸಿದ ಫೋಲ್ಕಾರ್ಟ್ ಸಹೋದರರ ವ್ಯಾಪಾರ ಸಂಸ್ಥೆ 1851ರಲ್ಲಿ ಅಲ್ಲಿಯೂ ಮುಂಬಯಿಯಲ್ಲಿಯೂ ಏಕಕಾಲಕ್ಕೆ ಆರಂಭವಾಯಿತು. 1954ರಲ್ಲಿ ಅದು ಟಾಟಾ ಸಂಸ್ಥೆಯೊಡನೆ ಸೇರಿ ಹುಟ್ಟುಹಾಕಿದ್ದೇ ನಮಗೆಲ್ಲ ಪರಿಚಿತವಾದ ವೋಲ್ಟಾಸ್.

ವಿದೇಶ ಪ್ರವಾಸದಿಂದ ಮರಳುವವರು ಚಾಕೊಲೇಟು, ಗಡಿಯಾರಗಳನ್ನು ತರುವುದು ವಾಡಿಕೆ. ಊಸ್ಟರ್‌ಗೆ ಹೋಗಿ ಬಂದವರು ತಮ್ಮ ಅಂಗಡಿಯ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಹದದ ಪುಸ್ತಕವೊಂದನ್ನು ತೆರೆದರೆ ಪ್ರಯಾಣದ ಖರ್ಚು ಬೇಗನೆ ಮರಳಿ ಬಂದೀತು. ಹೋಗಲಾಗದವರು ಆ ಪುಸ್ತಕವನ್ನು ಇಂದೇ ತೆರೆಯಬಹುದು.