ಅರಿಶಿನದ ಸಾರಕ್ಕೆ ಬೊಜ್ಜು ತಡೆಯುವ ಶಕ್ತಿ ಎಷ್ಟು?

ಚಂದಕವಾಡಿ ಹೋಬಳಿಯನ್ನೊಳಗೊಂಡ ಚಾಮರಾಜನಗರ ತಾಲ್ಲೂಕು ಮತ್ತು ಪಕ್ಕದ ಗುಂಡ್ಲುಪೇಟೆ ತಾಲ್ಲೂಕು ರಾಜ್ಯದ ಹೆಸರಾಂತ ಅರಿಶಿನದ ಸೀಮೆ. ನೆಟ್ಟ ಎಂಟೊಂಬತ್ತು ತಿಂಗಳಿಗೆ ಕಿತ್ತ ಗೆಡ್ಡೆಯನ್ನು ಬೇಯಿಸಿ, ಒಣಗಿಸಿ, ಉಜ್ಜಿ ಹೊಳಪು ಕೊಟ್ಟರೆ ಮಾರುಕಟ್ಟೆಯ ಕೊಂಬು ಸಿದ್ಧ. ಅದರ ಹಳದಿಗೆ ಕಾರಣ ಕರ್ಕ್ಯುಮಿನ್. ಒಣ ಅರಿಶಿನದಲ್ಲಿ ಇದರ ಪಾಲು ಸಾಮಾನ್ಯವಾಗಿ ಶೇ 2ರಿಂದ 5. ದ್ರಾವಕ ಬಳಸಿ ಇದನ್ನು ಬೇರ್ಪಡಿಸಿ, ಶೇ 95ರವರೆಗೆ ಶುದ್ಧಗೊಳಿಸಿದ ಪುಡಿಯೇ ತೂಕ ಇಳಿಸುವ ಮಾತ್ರೆಗಳಿಗೆ ಸೇರುವ ಸಾರ.

ದೇಹದಲ್ಲಿ ಕೊಬ್ಬಿನ ಅಂಗಾಂಶ ಬೆಳೆಯಬೇಕಾದರೆ ಅದಕ್ಕೆ ಹೊಸ ರಕ್ತನಾಳಗಳು ಬೇಕು. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದ ಸಂಶೋಧಕರು ಹೆಚ್ಚು ಕೊಬ್ಬಿನ ಆಹಾರದ ಜೊತೆ ಕರ್ಕ್ಯುಮಿನ್ ಕೊಟ್ಟು 12 ವಾರ ಇಲಿಗಳನ್ನು ಸಾಕಿದರು. ಕೊಬ್ಬಿನಲ್ಲಿ ರಕ್ತನಾಳಗಳು ಕಡಿಮೆ ಹುಟ್ಟಿದವು, ತೂಕದ ಏರಿಕೆಯೂ ತಗ್ಗಿತು. ಈ ಫಲಿತಾಂಶ 2009ರಲ್ಲಿ ಪ್ರಕಟವಾಯಿತು.

ಮನುಷ್ಯರ ವಿಷಯಕ್ಕೆ ಬಂದರೆ ತೊಡಕು ಕರುಳಿನಲ್ಲೇ ಶುರುವಾಗುತ್ತದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದು ಕಷ್ಟ. ಹೀರಲ್ಪಟ್ಟ ಅಲ್ಪಸ್ವಲ್ಪವನ್ನೂ ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಬಹು ಮುಖ್ಯ. ಬರೀ 2 ಗ್ರಾಂ ಕರ್ಕ್ಯುಮಿನ್ ನುಂಗಿದವರ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಕರಿಮೆಣಸಿನ ಪೈಪರಿನ್ 20 ಮಿಲಿಗ್ರಾಂ ಸೇರಿಸಿದಾಗ ಲಭ್ಯತೆ ಶೇ 2000ರಷ್ಟು ಏರಿತು. ಇಂದಿನ ಅನೇಕ ಅರಿಶಿನದ ಮಾತ್ರೆಗಳಲ್ಲಿ ಮೆಣಸಿನ ಸಾರ ಇರುವುದು ಇದೇ ಕಾರಣಕ್ಕೆ.

ಇಷ್ಟಾದರೂ ಜನರ ಮೇಲಿನ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರೆ ತೂಕ ಇಳಿದದ್ದು ಅಲ್ಪ. ಅಡುಗೆಯ ಅರಿಶಿನವಂತೂ ಆ ಪ್ರಯೋಗಗಳಲ್ಲಿ ಕೊಟ್ಟ ಪ್ರಮಾಣದ ಹತ್ತಿರಕ್ಕೂ ಹೋಗುವುದಿಲ್ಲ: ಒಂದು ಗ್ರಾಂ ಕರ್ಕ್ಯುಮಿನ್‌ಗೆ ಕನಿಷ್ಠ 20 ಗ್ರಾಂ ಪುಡಿ ಬೇಕು. ಸಾರಿಗೆ ಹಾಕುವುದು ಚಿಟಿಕೆ.

ತೂಕ ಇಳಿಸುವ ಮಾತ್ರೆಗಳಿಗೆ ಸೇರುವ ಇನ್ನೊಂದು ಸಾರ ಮಲೆನಾಡಿನ ಉಪ್ಪಾಗೆಯದು; ಅದರ ಕಥೆ ಇನ್ನೂ ಎಚ್ಚರಿಕೆಯದು. ಹುಣಸೆಯ ಬದಲು ಸಾರಿಗೆ ಬಳಸುವ ಈ ಹಣ್ಣಿನ ಮುಖ್ಯ ಆಮ್ಲ ಹೈಡ್ರಾಕ್ಸಿಸಿಟ್ರಿಕ್ ಆಮ್ಲವೆಂದು 1965ರಲ್ಲಿ ತೋರಿಸಿದವರು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿ.ಎಫ್.ಟಿ.ಆರ್.ಐ.) ಲೂಯಿಸ್ ಮತ್ತು ನೀಲಕಂಠನ್. ಹೆಚ್ಚಾದ ಪಿಷ್ಟ ಕೊಬ್ಬಾಗಲು ಬೇಕಾದ ಒಂದು ಕಿಣ್ವವನ್ನು ಅದು ತಡೆಯುತ್ತದೆಂದು ಮುಂದೆ ತಿಳಿಯಿತು; ಮಾತ್ರೆಗಳು ಜಗತ್ತಿನಾದ್ಯಂತ ಮಾರಾಟವಾದವು. ಆದರೆ ಅಮೆರಿಕದಲ್ಲಿ 135 ಜನರ ಮೇಲೆ 1998ರಲ್ಲಿ ಪ್ರಕಟವಾದಂತೆ 12 ವಾರ ನಡೆದ ಪರೀಕ್ಷೆಯಲ್ಲಿ ಉಪ್ಪಾಗೆ ಸಾರ ತಿಂದವರಿಗೂ ಹುಸಿಮಾತ್ರೆ ತಿಂದವರಿಗೂ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಹೀಗಿರುವಾಗ ಇವನ್ನು ಬೊಜ್ಜಿನ ಮದ್ದೆಂದು ಮಾರುವುದು ಸರಿಯಲ್ಲ.

ಗಿಡಮೂಲಿಕೆ ಎಂದ ಮಾತ್ರಕ್ಕೆ ಸಾರಗಳು ನಿರಪಾಯಕಾರಿಯಲ್ಲ. ಉಪ್ಪಾಗೆ ಮತ್ತು ಅರಿಶಿನ ಎರಡರ ಮಾತ್ರೆಗಳಿಂದಲೂ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವರದಿಯಾಗಿವೆ. ಪೈಪರಿನ್ ಬೇರೆ ಔಷಧಗಳ ಹೀರಿಕೆಯನ್ನೂ ಹೆಚ್ಚಿಸಬಲ್ಲದು. ಪಿತ್ತಕೋಶದ ಕಲ್ಲು ಇರುವವರು, ರಕ್ತ ತೆಳುವಾಗಿಸುವ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇವನ್ನು ಸೇವಿಸಬಾರದು. ಸೇವಿಸುತ್ತಿರುವವರಿಗೆ ಕಣ್ಣು ಹಳದಿಯಾಗುವುದು, ಮೂತ್ರ ಗಾಢವಾಗುವುದು ಕಂಡರೆ ಮಾತ್ರೆ ನಿಲ್ಲಿಸಿ ಕೂಡಲೇ ಯಕೃತ್ತಿನ ಪರೀಕ್ಷೆ ಮಾಡಿಸಬೇಕು.