ಮಳೆಗೆ ಮೈಯೊಡ್ಡುವ ಪವರ್ ರ್ಯಾಕ್

ಪವರ್ ರ್ಯಾಕ್ ಎಂದರೆ ನಾಲ್ಕು ಕಂಬಗಳ ಉಕ್ಕಿನ ಚೌಕಟ್ಟು. ಕಂಬಗಳ ಉದ್ದಕ್ಕೂ ತೂತುಗಳಿರುತ್ತವೆ. ಬೇಕಾದ ಎತ್ತರಕ್ಕೆ ಕೊಕ್ಕೆ ಸಿಕ್ಕಿಸಿ ಬಾರ್ಬೆಲ್ ಇಡುತ್ತೇವೆ, ಅದರ ಕೆಳಗೆ ಎರಡೂ ಬದಿಗೆ ಸೇಫ್ಟಿ ರಾಡ್ ತೂರಿಸುತ್ತೇವೆ. ಸ್ಕ್ವಾಟ್‌ನಲ್ಲಿ ಕಾಲು ಸೋತರೂ ಬೆಂಚ್ ಪ್ರೆಸ್‌ನಲ್ಲಿ ಕೈ ಸೋತರೂ ಭಾರ ಆ ರಾಡುಗಳ ಮೇಲೆ ಕೂರುತ್ತದೆ, ಎದೆಯ ಮೇಲಲ್ಲ. ಒಬ್ಬರೇ ಅಭ್ಯಾಸ ಮಾಡುವವರ ಜೀವ ಕಾಯುವುದು ಇದೇ. ಒಳಗೆ ಜಾಗವಿಲ್ಲದ ಮನೆಗಳಲ್ಲಿ ಇದು ಅಂಗಳಕ್ಕೋ ತಾರಸಿಗೋ ಬರುತ್ತದೆ.

ನನ್ನ ಮೊದಲ ರ್ಯಾಕ್ ಉಡುಪಿ ಕಡೆಯ ಮನೆಯಂಗಳದಲ್ಲಿತ್ತು. 400 ಕೆ.ಜಿ. ತಾಳುತ್ತದೆ ಎಂದು ಅಂಗಡಿಯವರು ಹೇಳಿದ್ದರು; ನಾನು ನೋಡಿದ್ದು ಆ ಒಂದು ಅಂಕಿಯನ್ನೇ. ಮೂರನೆಯ ಮಳೆಗಾಲ ಮುಗಿದ ಮೇಲೆ ಬೋಲ್ಟ್ ಬಿಗಿಮಾಡಲು ಕೂತಾಗ ಸ್ಪ್ಯಾನರ್ ಕಂಬದ ಬುಡಕ್ಕೆ ತಾಗಿತು. ಹೊಳೆಯುವ ಕಪ್ಪು ಬಣ್ಣ ಮೊಟ್ಟೆಯ ಸಿಪ್ಪೆಯಂತೆ ಒಡೆದು, ಒಳಗಿನಿಂದ ಕೆಂಪು ಪುಡಿ ಉದುರಿತು. ಹಿಂದಿನ ಸಂಜೆಯಷ್ಟೇ ಅದರಡಿ 120 ಕೆ.ಜಿ. ಹೊತ್ತು ನಿಂತಿದ್ದೆ.

ಹೊರೆಯ ಲೆಕ್ಕಕ್ಕೆ ಉಕ್ಕು ಹೆದರುವುದಿಲ್ಲ. 75 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಬಾಕ್ಸ್ ಪೈಪು ಹೊಸದಾಗಿರುವಾಗ, ಭಾರ ನೆಟ್ಟಗೆ ಕೂತರೆ ಒಂದೇ ಕಂಬ ಹತ್ತು ಟನ್ನಿಗೂ ಹೆಚ್ಚು ತಡೆಯಬಲ್ಲದು. ಕೈಕೊಡುವುದು ಕೊಕ್ಕೆ, ಪಿನ್ನು, ವೆಲ್ಡಿಂಗ್ ಮತ್ತು ಬುಡ. ಬಯಲಿನಲ್ಲಿ ಇವೆಲ್ಲವನ್ನೂ ತಿನ್ನುವುದು ನೀರು. ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ, ಜೊತೆಗೆ ಉಪ್ಪುಗಾಳಿ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುವುದರಿಂದ ಮಳೆಯಿಲ್ಲದ ದಿನವೂ ಲೋಹದ ಮೇಲೆ ಪಸೆ ಉಳಿಯುತ್ತದೆ. ಕೊಡಚಾದ್ರಿಯ ಮೇಲೆ ಮೂಕಾಂಬಿಕೆಯ ಗುಡಿಯ ಮುಂದೆ ಹಳೆಯ ಕಬ್ಬಿಣದ ಕಂಬವೊಂದು ಘಟ್ಟದ ಮಳೆಗೆ ನಿಂತೇ ಇದೆಯಲ್ಲ ಎಂದು ಕೇಳಬಹುದು. ಅದು ಒಳಗೂ ಕಬ್ಬಿಣವಿರುವ ಗಟ್ಟಿ ಕಂಬ. ನಮ್ಮದು ಪೊಳ್ಳು ಪೈಪು, ಮೈತುಂಬ ತೂತು. ತೂತಿನಿಂದ ಒಳಗಿಳಿದ ನೀರು ಬುಡದಲ್ಲಿ ನಿಂತು, ಬಣ್ಣ ಮುಟ್ಟದ ಒಳಮೈಯನ್ನು ನಮ್ಮ ಕಣ್ಣಿಗೆ ಬೀಳದೆ ತಿನ್ನುತ್ತದೆ.

ಆದ್ದರಿಂದ ಕೊಳ್ಳುವಾಗ ಮೊದಲು ಕೇಳಬೇಕಾದದ್ದು ಸತುವಿನ ಬಗ್ಗೆ. ಬಣ್ಣವಾಗಲಿ ಪೌಡರ್ ಕೋಟಿಂಗ್ ಆಗಲಿ ಬರೀ ಹೊದಿಕೆ. ಬಾರ್ಬೆಲ್ ಒಮ್ಮೆ ಗೀಚಿದರೆ ತುಕ್ಕು ಅಲ್ಲಿಂದ ಬಣ್ಣದಡಿಯಲ್ಲೇ ಹರಡುತ್ತದೆ. ಸತುವು ಹಾಗಲ್ಲ. ಗೀರು ಬಿದ್ದ ಕಡೆ ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಇಲ್ಲೊಂದು ಮಾತಿನ ತೊಡಕಿದೆ. ವೆಲ್ಡಿಂಗ್ ಅಂಗಡಿಯಲ್ಲಿ ‘ಜಿಐ ಪೈಪ್ ಹಾಕಿದ್ದೇವೆ’ ಎಂದರೆ ಅದು ಎರಡರಲ್ಲಿ ಒಂದು. ತೆಳುವಾಗಿ ಸತು ಬಳಿದ ತಗಡನ್ನು ಮಡಿಚಿ ಮಾಡಿದ ಪೈಪಾದರೆ ಸತುವಿನ ದಪ್ಪ 10ರಿಂದ 20 ಮೈಕ್ರಾನ್. ವೆಲ್ಡ್ ಮಾಡಿದ ಕಡೆ ಅದೂ ಸುಟ್ಟುಹೋಗಿರುತ್ತದೆ. ಹಾಟ್ ಡಿಪ್ ಬೇರೆ. ಕೊರೆದು, ವೆಲ್ಡ್ ಮಾಡಿ ಮುಗಿಸಿದ ಭಾಗಗಳನ್ನು ಸುಮಾರು 450 ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಅದ್ದುತ್ತಾರೆ. ಆಗ ಒಳಗೂ ಹೊರಗೂ 70 ಮೈಕ್ರಾನಿನ ಆಸುಪಾಸು ಕೂರುತ್ತದೆ. ಕರಾವಳಿಯ ಗಾಳಿಯಲ್ಲಿ ಸತು ವರ್ಷಕ್ಕೆ 2ರಿಂದ 4 ಮೈಕ್ರಾನ್ ಸವೆಯುತ್ತದೆ ಎಂದಿಟ್ಟುಕೊಂಡರೆ 10 ಮೈಕ್ರಾನ್ ಐದು ವರ್ಷದೊಳಗೆ ಮುಗಿಯುತ್ತದೆ, 70 ಮೈಕ್ರಾನ್ ಹದಿನೈದು ವರ್ಷ ದಾಟುತ್ತದೆ. ಅಲೆಯ ಹನಿ ಸಿಡಿಯುವಷ್ಟು ಕಡಲಿಗೆ ಹತ್ತಿರವಿದ್ದರೆ ಸವೆತ ಇಮ್ಮಡಿಯಾಗಬಹುದು; ಅಂಥಲ್ಲಿ ಹಾಟ್ ಡಿಪ್‌ನ ಮೇಲೆ ಪೌಡರ್ ಕೋಟಿಂಗ್ ಮಾಡಿಸಿ.

ಕಂಡುಹಿಡಿಯುವುದು ಸುಲಭ. ಟಾರ್ಚ್ ಹಿಡಿದು ಪೈಪಿನ ಒಳಗೆ, ತೂತಿನ ಅಂಚಿನಲ್ಲಿ ನೋಡಿ. ಅಲ್ಲೂ ವೆಲ್ಡಿನ ಮೇಲೂ ಒಂದೇ ಬೂದುಬಣ್ಣವಿದ್ದರೆ ಅದ್ದಿದ್ದು ನಿಜ. ವೆಲ್ಡಿನ ಮೇಲೆ ಮಾತ್ರ ಬೆಳ್ಳಿ ಬಣ್ಣ ಬಳಿದಿದ್ದರೆ ಅನುಮಾನಿಸಿ. ಊರಲ್ಲೇ ಮಾಡಿಸುವುದಾದರೆ ತೂತುಗಳನ್ನು ಅದ್ದುವ ಮೊದಲೇ, ಪಿನ್ನಿಗಿಂತ ಒಂದು ಮಿ.ಮೀ. ದೊಡ್ಡದಾಗಿ ಕೊರೆಸಿ, ಸತು ಕೂತ ಮೇಲೆ ತೂತು ಕಿರಿದಾಗುತ್ತದೆ. ರ್ಯಾಕಿನ ಹೊರ ಅಗಲ 1,200 ಮಿ.ಮೀ. ಸುತ್ತಮುತ್ತ ಇರಲಿ. ಒಲಿಂಪಿಕ್ ಬಾರ್‌ನಲ್ಲಿ ಪ್ಲೇಟು ಸಿಕ್ಕಿಸುವ ಎರಡು ತೋಳುಗಳ ನಡುವೆ ಇರುವುದು 1,310 ಮಿ.ಮೀ. ಮಾತ್ರ, ರ್ಯಾಕ್ ಇದಕ್ಕಿಂತ ಅಗಲವಾದರೆ ಬಾರ್ ಕೂರುವುದೇ ಇಲ್ಲ.

ಕಂಬವನ್ನು ಮಣ್ಣಿನಲ್ಲಿ ಹೂಳಬೇಡಿ, ಮಣ್ಣು ಮತ್ತು ಗಾಳಿ ಸೇರುವ ಗೆರೆಯಲ್ಲೇ ಅದು ಕರಗುತ್ತದೆ. ನೀರು ಹರಿದುಹೋಗುವಂತೆ ತುಸು ಇಳಿಜಾರಾಗಿ ಕಾಂಕ್ರೀಟ್ ಹಾಕಿ, ಬುಡದ ಪ್ಲೇಟನ್ನು ಸಣ್ಣ ಕಟ್ಟೆಯ ಮೇಲೆ ಕೂರಿಸಿ, ಹಾಟ್ ಡಿಪ್ ಬೋಲ್ಟಿನಿಂದ ಬಿಗಿಯಿರಿ. ಕಂಬದ ತಳದಲ್ಲಿ ನೀರು ಬಸಿಯಲು ತೂತಿರಲೇಬೇಕು. ತಾರಸಿಯಲ್ಲಿ ಮಾತ್ರ ಕೊರೆಯಬಾರದು, ವಾಟರ್‌ಪ್ರೂಫಿಂಗ್ ಒಡೆದು ಕೆಳಗಿನ ಕೋಣೆ ಸೋರುತ್ತದೆ. ಅಲ್ಲಿಗೆ ಉದ್ದ ಪಾದದ ರ್ಯಾಕ್ ತಂದು, ಹಿಂಬದಿಯಲ್ಲಿ ಪ್ಲೇಟುಗಳ ಭಾರ ಹೇರಿ ನಿಲ್ಲಿಸುವುದೇ ಸರಿ.

ಉಕ್ಕಿನ ರಾಡಿನ ಬದಲು ಬಟ್ಟೆಯ ಸೇಫ್ಟಿ ಪಟ್ಟಿ ಬರುವ ರ್ಯಾಕುಗಳೂ ಇವೆ. ಒಳಾಂಗಣಕ್ಕೆ ಅವು ಚೆನ್ನ. ಬಿಸಿಲು ನೂಲನ್ನು ಕುಂದಿಸುವುದರಿಂದ ಬಯಲಿಗೆ ನಾನು ಒಪ್ಪುವುದಿಲ್ಲ. ಇನ್ನು 20 ಕೆ.ಜಿ.ಯ ಬಾರ್ಬೆಲ್ ಎಂದಿಗೂ ಹೊರಗೆ ಮಲಗಬಾರದು. ಕೈಹಿಡಿತದ ಗೀರುಗಳಲ್ಲಿ ಬೆವರಿನ ಉಪ್ಪು ಕೂತಿರುತ್ತದೆ. ಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಸವರಿ ಒಳಗಿಡಿ.

2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕುಂದಾಪುರ ಕಡೆಯ ಗುರುರಾಜ ಪೂಜಾರಿ ವೇಟ್‌ಲಿಫ್ಟಿಂಗ್‌ನಲ್ಲಿ ಬೆಳ್ಳಿ ಗೆದ್ದರು. ಇದೇ ಕರಾವಳಿಯ ಎಷ್ಟೋ ಹುಡುಗ ಹುಡುಗಿಯರಿಗೆ ಭಾರ ಎತ್ತುವ ಹಂಬಲವಿದೆ. ಅವರ ಮನೆಯವರು ಕೂಡಿಟ್ಟ ಹಣದಿಂದ ಒಮ್ಮೆ ಮಾತ್ರ ಕೊಳ್ಳುವ ವಸ್ತು ಇದು. ದುಬಾರಿಯಾದರೂ ಹಾಟ್ ಡಿಪ್ ಇರಲಿ. ಹಣ ಸಾಲದಿದ್ದರೆ ನಾಲ್ಕು ಕಂಬದ ಬದಲು ಸೇಫ್ಟಿ ತೋಳಿರುವ ಎರಡು ಕಂಬದ್ದನ್ನು ತನ್ನಿ, ಸತುವಿನಲ್ಲಿ ಕಡಿಮೆ ಮಾಡಬೇಡಿ. ಪ್ರತಿ ಮಳೆಗಾಲ ಕಳೆದ ಮೇಲೆ ನಾಲ್ಕೂ ಬುಡವನ್ನು ಸ್ಪ್ಯಾನರಿನಿಂದ ತಟ್ಟಿ ನೋಡಿ. ಟಣ್ ಎನ್ನದೆ ಮಂದವಾಗಿ ದಬ್ ಎಂದರೆ, ಆ ಕಂಬವನ್ನು ಬಿಚ್ಚಿ ಒಳಗೆ ನೋಡುವವರೆಗೆ ಅದರಡಿ ಭಾರ ಹೊರಬೇಡಿ.